ಅದು ಆಂಟಿಯದೇ ಕಂಪ್ಯೂಟರ್

ಕಂಪ್ಯೂಟರ್ ಮುಂದೆ ಕೂರುವ ಮೊದಲು ಆಂಟಿ ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ತಳ್ಳಿಕೊಳ್ಳುತ್ತಿದ್ದರು, ಚಪಾತಿ ಹಿಟ್ಟು ಕಲೆಸಲು ಹೊರಟವರ ಹಾಗೆ. ಹತ್ತಿಯ ಸೀರೆ, ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ, ಮೇಲೆ ಅಂಕಲ್ ಅವರ ಹಳೆಯ ಸ್ವೆಟರ್. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರೆಂದರೆ ಮನೆಗೆ ಬಂದವರು ಯಾರೇ ಆಗಲಿ, ಕಾಫಿಗೆ ಕಾಯಬೇಕು. "ಒಂದ್ನಿಮಿಷ ಇರಿ, ಈ ಲೈನ್ ಮುಗಿಸ್ಬಿಡ್ತೀನಿ" ಎನ್ನುತ್ತಿದ್ದರು. ಆ ಒಂದು ನಿಮಿಷಕ್ಕೆ ಕೊನೆಯೇ ಇರುತ್ತಿರಲಿಲ್ಲ.

ಸ್ವೀಡನ್ನಿನ ಉಪ್ಸಾಲಾದಲ್ಲಿ ನಮ್ಮ ಕೆಳಗಿನ ಫ್ಲಾಟು ಅವರದು. ನನ್ನ ಗಂಡನಿಗೆ ಇಲ್ಲಿನ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು; ಬೆಂಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ನಾನು ಅದನ್ನು ಬಿಟ್ಟು ಹಿಂದೆ ಬಂದಿದ್ದೆ. ಪರ್ಸೂನ್‌ನುಮ್ಮೆರ್ ಎಂಬ ಇಲ್ಲಿನ ಗುರುತಿನ ಸಂಖ್ಯೆ ಬಂತು, ಮಗಳು ಶಿಶುವಿಹಾರಕ್ಕೆ, ಇಲ್ಲಿನವರ ದಾಗಿಸ್‌ಗೆ ಹೋಗತೊಡಗಿದಳು, ನನಗೆ ಮಾತ್ರ ಕೆಲಸವಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕ ಆಂಟಿ, "ಬೆಳಗಿಂದ ಸಂಜೆವರ್ಗೂ ಏನ್ಮಾಡ್ತೀಯ?" ಎಂದರು.

"ಮನೇಲೇ ಇರ್ತೀನಿ ಆಂಟಿ."

"ಅದು ಕಾಣ್ತಾ ಇದೆ ಕಣಮ್ಮ. ತಲೆಗೆ ಏನ್ ಕೆಲಸ ಕೊಡ್ತೀಯ ಅಂತ ಕೇಳ್ದೆ."

ನನಗೆ ಸಿಟ್ಟು ಬಂತು. ಆದರೂ ಮಾರನೆಯ ದಿನ ಅವರ ಮನೆಯ ಬಾಗಿಲು ತಟ್ಟಿದವಳು ನಾನೇ.

ಒಳಗಿನ ಕೋಣೆಯಲ್ಲಿತ್ತು ಆ ಕಂಪ್ಯೂಟರ್. ಎಂಬತ್ತರ ದಶಕದ ಶುರುವಿನದು, ಸ್ವೀಡನ್ನಿನಲ್ಲೇ ತಯಾರಾದದ್ದು. ಕೀಲಿಮಣೆಯ ಡಬ್ಬದೊಳಗೇ ಅದರ ಮಿದುಳೆಲ್ಲ. ಪಕ್ಕದಲ್ಲಿ ಸಣ್ಣ ಟಿವಿಯಂಥ ಪರದೆ, ಪ್ರೋಗ್ರಾಂ ಉಳಿಸಿಡಲು ಒಂದು ಟೇಪ್ ರೆಕಾರ್ಡರ್. ಸಂಶೋಧನೆಗೆಂದು ಬಂದು ಮುಂದೆ ಇಲ್ಲೇ ಪ್ರೊಫೆಸರ್ ಆದ ಅಂಕಲ್‌ಗಾಗಿ ಕೊಂಡದ್ದಂತೆ. ಅವರು ಒಂದು ವಾರ ಕುಟ್ಟಿ ನೋಡಿ ಕೈಬಿಟ್ಟರು. ಗಂಡನ ಹಿಂದೆ ಮೈಸೂರಿನಿಂದ ಬಂದಿದ್ದ ಆಂಟಿ, ಕೈಪಿಡಿಯ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಶುರು ಮಾಡಿದರು. ಈರುಳ್ಳಿಗೆ ಸ್ವೀಡಿಷಿನಲ್ಲಿ ಏನೆನ್ನುತ್ತಾರೆಂದು ತಿಳಿಯುವ ಮೊದಲೇ 'ಫೆಲ್' ಎಂದರೆ ತಪ್ಪು ಎಂದು ಅವರಿಗೆ ಗೊತ್ತಿತ್ತು. ಪರದೆಯ ಮೇಲೆ ದಿನವಿಡೀ ಅದೇ ಬರುತ್ತಿತ್ತಲ್ಲ.

ಅವರು ನನಗೆ ಪ್ರೋಗ್ರಾಮಿಂಗ್ ಕಲಿಸಿದ್ದು ರಂಗೋಲಿಯಿಂದ. "ಹದಿನೈದು ಚುಕ್ಕಿ, ಒಂದರ ತನಕ ಸಂದು ಚುಕ್ಕಿ. ಇಟ್ಟಿದ್ದೀಯ ತಾನೆ?" ಎಂದು ಕೇಳಿದರು. ಮನೆಯ ಮುಂದೆ ಎಷ್ಟೋ ಸಲ ಇಟ್ಟಿದ್ದೆ. "ಹಾಗಾದ್ರೆ ನಿನಗೆ ಪ್ರೋಗ್ರಾಂ ಬರುತ್ತೆ. ಒಂದು ಸಾಲು ಹಾಕು, ಒಂದು ಚುಕ್ಕಿ ಕಮ್ಮಿ ಮಾಡು, ಅರ್ಧ ಸರಿದು ಮತ್ತೆ ಹಾಕು, ಒಂದು ಉಳಿದಾಗ ನಿಲ್ಲು. ಇಷ್ಟನ್ನೇ ಇದಕ್ಕೆ ಹೇಳ್ಬೇಕು." ಹೇಳಿದೆ. ಪರದೆ 'ಫೆಲ್' ಎಂದಿತು. ನನ್ನ ಮುಖ ಸಪ್ಪಗಾದದ್ದು ನೋಡಿ ಆಂಟಿ ನಕ್ಕರು. "ಅದು ಬೈತಾ ಇಲ್ಲ ಕಣೇ, ಎಲ್ಲಿ ಎಡವಿದೆ ಅಂತ ತೋರಿಸ್ತಾ ಇದೆ. ಮನುಷ್ಯರು ಅಷ್ಟೂ ಉಪಕಾರ ಮಾಡಲ್ಲ."

ಆಮೇಲೆ ಅವರದೇ ಹೊಸ ಲ್ಯಾಪ್‌ಟಾಪಿನಲ್ಲಿ ಈ ಕಾಲದ ಭಾಷೆಗಳನ್ನೂ ಕಲಿಸಿದರು. ನಿವೃತ್ತರಾಗುವವರೆಗೆ ಆಸ್ಪತ್ರೆಯೊಂದರ ಲ್ಯಾಬಿಗೆ ಪ್ರೋಗ್ರಾಂ ಬರೆದವರು ಅವರು. ಗದರುವಾಗಲೂ ಹಾಗೇ, ಹಿರಿಯ ಸಹೋದ್ಯೋಗಿಯ ಧಾಟಿ. ನನಗೆ ಇಲ್ಲಿ ಪ್ರೋಗ್ರಾಮಿಂಗ್ ಕೆಲಸ ಸಿಕ್ಕಾಗ ನನಗಿಂತ ಹೆಚ್ಚು ಬೀಗಿದ್ದು ಆಂಟಿಯೇ. ಕನ್ನಡ ಕೂಟದಲ್ಲಿ ಸಿಕ್ಕವರಿಗೆಲ್ಲ, "ಇವಳು ನನ್ನ ಶಿಷ್ಯೆ" ಎಂದು ಹೇಳಿಕೊಂಡು ಬಂದರು. ಯಾವ ವಿದ್ಯೆಯಲ್ಲಿ ಎಂದು ಯಾರೂ ಕೇಳಲಿಲ್ಲ.

ಅಂಕಲ್ ತೀರಿಕೊಂಡ ಮೇಲೆ ಆಂಟಿ ಚಿಕ್ಕ ಮನೆಗೆ ಹೋಗಬೇಕಾಯಿತು. ಆ ಕಂಪ್ಯೂಟರಿಗೆ ಅಲ್ಲಿ ಜಾಗವಿಲ್ಲ. ಊರಾಚೆ ಹಳೆಯ ಕಂಪ್ಯೂಟರ್‌ಗಳನ್ನು ಪ್ರದರ್ಶನಕ್ಕೆ ಇಡುವ ಕ್ಲಬ್ಬೊಂದಿದೆ. ಆದರೆ ಓಡುವ ಯಂತ್ರವನ್ನಷ್ಟೇ ಅವರು ತೆಗೆದುಕೊಳ್ಳುವುದು. ಆಂಟಿಯದು ಎರಡು ಚಳಿಗಾಲದಿಂದ ಶುರುವೇ ಆಗಿರಲಿಲ್ಲ. ಸುಮ್ಮನೆ ನೋಡಲಿಕ್ಕಾದರೂ ಇಟ್ಟುಕೊಳ್ಳಿ ಎಂದು ಕೇಳೋಣವೇ ಅಂದೆ.

"ಬೇಡ. ಓಡಿದ್ರೆ ಇಡ್ಲಿ, ಇಲ್ದಿದ್ರೆ ನಾನೇ ಗುಜರಿಗೆ ಹಾಕಿ ಬರ್ತೀನಿ. ಯಾರೂ ಅಯ್ಯೋ ಪಾಪ ಅಂತ ಇಟ್ಕೊಳ್ಳೋದು ಬೇಡ" ಎಂದರು. ದನಿ ಗಟ್ಟಿಯಾಗಿತ್ತು, ಆದರೆ ಕೈ ಕೀಲಿಮಣೆಯ ಮೇಲೇ ಇತ್ತು.

ರಿಪೇರಿಯಾಗುವುದೇ ಎಂದು ನೋಡಲು ಕ್ಲಬ್ಬಿನಿಂದ ಬಂದ ಸ್ವೀಡಿಷ್ ಹಿರಿಯರೊಬ್ಬರು ಮೇಲಿನ ಮುಚ್ಚಳ ಬಿಚ್ಚಿದರು. ಒಳಗೆಲ್ಲ ಕೆಂಪು. ಅವರು ತಲೆಯಾಡಿಸಿ, ತುಕ್ಕು ಹಿಡಿದಿದೆ, ಇದರ ಕಥೆ ಮುಗಿಯಿತು ಎಂದರು. ಆಂಟಿ ಕನ್ನಡಕ ಏರಿಸಿ ಬಗ್ಗಿ ನೋಡಿದರು, ಬೆರಳಲ್ಲಿ ಒಂದಿಷ್ಟು ತೆಗೆದು ಉಜ್ಜಿದರು, ಮೂಸಿದರು.

"ತುಕ್ಕಲ್ಲ, ಕುಂಕುಮ" ಎಂದರು ಸ್ವೀಡಿಷಿನಲ್ಲಿ.

ಪ್ರತಿ ಆಯುಧ ಪೂಜೆಗೂ ಅಂಕಲ್ ಕಾರಿಗೆ ನಿಂಬೆಹಣ್ಣು ಇಡುತ್ತಿದ್ದರು, ಆಂಟಿ ಕಂಪ್ಯೂಟರಿಗೆ ಕುಂಕುಮ ಏರಿಸುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೂ ಬಿಟ್ಟಿರಲಿಲ್ಲ. ಅಷ್ಟೂ ವರ್ಷದ ಕುಂಕುಮ ಕೀಲಿಗಳ ಸಂದಿಯಿಂದ ಒಳಗಿಳಿದು ಕೂತಿತ್ತು. ಕಂಪ್ಯೂಟರಿನೊಳಗೆ ಯಾರಾದರೂ ಪುಡಿ ಹಾಕುತ್ತಾರೆಯೇ ಎಂದು ಆ ಹಿರಿಯರು ನನ್ನ ಮುಖ ನೋಡಿದರು. ವರ್ಷವೆಲ್ಲ ನಮಗಾಗಿ ದುಡಿಯುವುದಕ್ಕೆ ನಾವು ವರ್ಷಕ್ಕೊಮ್ಮೆ ಕೈಮುಗಿಯುತ್ತೇವೆ ಎಂದು ಆಂಟಿ ಅವರಿಗೆ ಹೇಳಿ, ನನ್ನ ಕಡೆ ತಿರುಗಿ ಮೆಲ್ಲಗೆ, "ಭಕ್ತಿ ಜೊತೆ ಚೂರು ಬುದ್ಧಿನೂ ಇರ್ಬೇಕಿತ್ತು. ಪರದೆಗೆ ಒಂದ್ ಬೊಟ್ಟು ಇಟ್ಟಿದ್ರೆ ಸಾಕಾಗಿತ್ತು" ಎಂದರು.

ಮೂವರೂ ಕೂತು ಮೆತ್ತನೆಯ ಬ್ರಷ್ಷಿನಲ್ಲಿ ಒಳಗನ್ನೆಲ್ಲ ಸ್ವಚ್ಛ ಮಾಡಿದೆವು. ನಡುವೆ ಫಿಕಾ, ಅಂದರೆ ಇಲ್ಲಿನವರ ಕಾಫಿ ವಿರಾಮ, ಆಯಿತು. ಆ ಹಿರಿಯರು ಆಂಟಿಯ ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ ತಿಂದರು, ನಾವು ನೋಡಿಯೂ ನೋಡದ ಹಾಗಿದ್ದೆವು. ಸವೆದ ಬಿಡಿಭಾಗವೊಂದನ್ನು ಅವರು ಬದಲಿಸಿ ಸ್ವಿಚ್ ಒತ್ತಿದಾಗ ಪರದೆ ಬೆಳಗಿತು. ಆದರೆ ಆಂಟಿ ಬರೆದಿದ್ದ ರಂಗೋಲಿಯ ಪ್ರೋಗ್ರಾಂ ಇದ್ದ ಟೇಪು ಕಿರ್ರೆಂದು ಕೂಗಿ ಸುಮ್ಮನಾಯಿತು. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗಿತ್ತು. ಕಂಪ್ಯೂಟರ್ ಓಡುತ್ತಿದೆಯಲ್ಲ, ಅಷ್ಟು ಸಾಕು ಎಂದರು ಹಿರಿಯರು.

"ನನಗೆ ಸಾಲದು" ಎಂದರು ಆಂಟಿ.

ಕುರ್ಚಿ ಎಳೆದುಕೊಂಡು ಕೂತು, ನೆನಪಿನಿಂದಲೇ ಪ್ರೋಗ್ರಾಂ ಕುಟ್ಟತೊಡಗಿದರು. ಅಲ್ಲಲ್ಲಿ ನಿಲ್ಲುತ್ತಿದ್ದರು, ತುಟಿಯಲ್ಲೇ ಚುಕ್ಕಿ ಎಣಿಸುತ್ತಿದ್ದರು. ಒಮ್ಮೆ 'ಫೆಲ್' ಬಂತು. "ಗೊತ್ತಾಯ್ತು ಬಿಡು" ಎಂದು ಪರದೆಗೇ ಹೇಳಿ ತಿದ್ದಿದರು. ಕೊನೆಗೆ ಸಾಲಿನ ಕೆಳಗೆ ಸಾಲಾಗಿ ಚುಕ್ಕಿಗಳು ಮೂಡಿದವು, ಆಮೇಲೆ ಅವುಗಳ ಸುತ್ತ ಗೆರೆ ಬಳುಕಿತು. ಎಪ್ಪತ್ತು ದಾಟಿದ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂತು ಅದನ್ನು ನೋಡಿದ ರೀತಿಯನ್ನು ಹೇಗೆ ಹೇಳಲಿ? ನನಗೆ ಕಣ್ಣು ತುಂಬಿ ಬಂತು.

ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಚೀಲದಿಂದ ಪ್ರದರ್ಶನದಲ್ಲಿ ಯಂತ್ರದ ಪಕ್ಕ ಇಡುವ ಚೀಟಿ ತೆಗೆದರು. 'ಪ್ರೊಫೆಸರ್ ಅವರ ಮನೆಯ ಕಂಪ್ಯೂಟರ್' ಎಂದು ಮೊದಲೇ ಅಚ್ಚು ಹಾಕಿಸಿ ತಂದಿದ್ದರು. ಆಂಟಿ ಓದಿದರು.

"ಪ್ರೊಫೆಸರ್ ಇದನ್ನು ಮುಟ್ಟಿದ್ದು ಒಂದೇ ವಾರ" ಎಂದರು. "ನನ್ನ ಹೆಸರು ಬರೆಯಿರಿ. ಕೆಳಗೆ ಪ್ರೋಗ್ರಾಮರ್ ಅಂತ ಹಾಕಿ."

ಆ ಮನುಷ್ಯ ದೊಡ್ಡವರು. ಕ್ಷಮೆ ಕೇಳಿ ಚೀಟಿ ಹರಿದರು, ಅಲ್ಲೇ ಕೂತು ಹೊಸದನ್ನು ಬರೆದರು. ಪ್ರದರ್ಶನದಲ್ಲಿ ಇಂದಿಗೂ ಅದೇ ಇದೆ.

ಕಳೆದ ವಸಂತದಲ್ಲಿ ಆಂಟಿ ಹೋದರು. ಕಾಯಿಲೆ ಎಂದು ಹೆಚ್ಚು ನರಳಲಿಲ್ಲ. ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದೆವು. ಒಬ್ಬೊಬ್ಬರೇ ಎದ್ದು ಮಾತಾಡಿದರು. ಒಬ್ಬರು ಅವರ ಬೇಳೆ ಒಬ್ಬಟ್ಟು ನೆನೆದರು, ಇನ್ನೊಬ್ಬರು ಸಾರಿನ ಪುಡಿ, ಮತ್ತೊಬ್ಬರು ಅಂಥ ದೊಡ್ಡ ವಿಜ್ಞಾನಿಗೆ ತಕ್ಕ ಹೆಂಡತಿ ಎಂದರು. ಎಲ್ಲವೂ ಪ್ರೀತಿಯ ಮಾತೇ, ಸುಳ್ಳೇನೂ ಅಲ್ಲ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಮೈ ಉರಿಯಿತು. ಸಭೆಯಲ್ಲಿ ಮಾತಾಡುವ ಅಭ್ಯಾಸವಿಲ್ಲದ ನಾನು ಎದ್ದು ನಿಂತೆ.

"ಅವರು ಪ್ರೋಗ್ರಾಮರ್" ಎಂದೆ. "ನಿಮ್ಮಲ್ಲಿ ಎಷ್ಟೋ ಜನ ಹುಟ್ಟೋಕ್ಕೆ ಮುಂಚೆ, ಹೇಳ್ಕೊಡೋರು ಯಾರೂ ಇಲ್ದೆ, ಬಾರದ ಭಾಷೇಲಿ ಕಲಿತೋರು. ನನಗೂ ಕಲಿಸಿದ್ರು. ಇವತ್ತು ನಾನು ತಿಂತಿರೋ ಅನ್ನ ಅವರ ವಿದ್ಯೆಯದು."

ಆಂಟಿಯನ್ನು ಎಷ್ಟೋ ವರ್ಷದಿಂದ ಬಲ್ಲ ಹಿರಿಯ ಹೆಂಗಸೊಬ್ಬರು ಹೊರಗೆ ಬಂದಾಗ ನನ್ನ ಕೈ ಹಿಡಿದುಕೊಂಡು, "ಹೌದೇನಮ್ಮ? ಆಸ್ಪತ್ರೇಲಿ ಏನೋ ಕೆಲಸ ಅಂದ್ಕೊಂಡಿದ್ವಿ, ನಮಗಿದು ಗೊತ್ತೇ ಇರ್ಲಿಲ್ವಲ್ಲ" ಎಂದರು.

"ಗೊತ್ತಾಗ್ಲಿ ಅಂತಾನೇ ಹೇಳಿದ್ದು" ಎಂದೆ.