ಕೇರಾಫ್ ಬಿಸ್ಕತ್ತಮ್ಮ

ನಿಮ್ಮ ಮನೆಯಲ್ಲಿ ಯಾರಿಗೆ ಹೇಳಿದರೆ ಯಾರಿಗೆ ಕೇಳಿಸುತ್ತದೆ, ನಿಜ ಹೇಳಿ? ನಮ್ಮ ಮನೆಯಲ್ಲಿ ಬೆಕ್ಕಿಗೆ ಹೇಳಿದರೆ ನನ್ನ ಮಗಳಿಗೆ ಕೇಳಿಸುತ್ತದೆ. ಮಗಳಿಗೇ ನೇರವಾಗಿ ಹೇಳಿದರೆ "ಹೂಂ ಅಮ್ಮಾ" ಅನ್ನುತ್ತಾಳೆ, ಮಾತು ಮಾತ್ರ ಒಳಗಿಳಿಯುವುದಿಲ್ಲ.

ಮಗಳು ಉಷಾ ದೊಡ್ಡ ವಿದ್ವಾಂಸೆ. ಯೂನಿವರ್ಸಿಟಿಯಲ್ಲಿ ಪಾಠ, ಹಳೆಯ ಕಾಲದ ಸಮುದ್ರನಕ್ಷೆಗಳ ಮೇಲೆ ಸಂಶೋಧನೆ. ಶತಮಾನಗಳ ಹಿಂದೆ ಹಡಗುಗಳು ಯಾವ ಬಂಡೆ ತಪ್ಪಿಸಿಕೊಂಡು ಗೋವೆಗೆ ಬಂದವು ಎಂದು ಕಣ್ಣುಮುಚ್ಚಿ ಹೇಳುತ್ತಾಳೆ. ಆದರೆ ಈ ಪರದೇಶದಲ್ಲಿ, ಹಿಲ್ಸ್‌ಬರೋದ ನಮ್ಮ ಮನೆಯಿಂದ ದೇವಸ್ಥಾನಕ್ಕೆ ಹೋಗಲು ಅವಳಿಗೆ ಇವತ್ತಿಗೂ ಜಿಪಿಎಸ್ ಬೇಕು. ಪುರುಸೊತ್ತು ಸಿಕ್ಕಿದ ಶನಿವಾರ ಬೇಸ್‌ಮೆಂಟಿನಲ್ಲಿ ಚಕ್ರದ ಮುಂದೆ ಕೂತು ಮಣ್ಣಿನ ಬಟ್ಟಲು ಮಾಡುವುದು ಅವಳ ಹವ್ಯಾಸ. ಎಲ್ಲವೂ ಒಂದು ಕಡೆಗೆ ವಾಲುತ್ತವೆ. ನಾನು ಹುಳಿಯನ್ನ ತಿನ್ನುವುದು ಅಂಥದ್ದೊಂದರಲ್ಲೇ. ಕೊನೆಯ ತುತ್ತು ತಾನಾಗಿಯೇ ಒಂದು ಬದಿಗೆ ಬಂದು ಕೂರುತ್ತದೆ, ಅನುಕೂಲವೇ ಆಯಿತು.

ಬೆಕ್ಕಿಗೆ ಮೊಮ್ಮಗಳು ಇಟ್ಟ ಹೆಸರು ಬಿಸ್ಕಿಟ್. ವಯಸ್ಸಿಗೆ ಮರ್ಯಾದೆ ಕೊಟ್ಟು ನಾನು ಬಿಸ್ಕತ್ತಮ್ಮ ಎನ್ನುತ್ತೇನೆ. ಉಷಾಳ ಲ್ಯಾಪ್‌ಟಾಪಿನ ಪಕ್ಕದಲ್ಲಿ ಗರತಿಯ ಹಾಗೆ ಮಲಗುವ ಅದು, ನಾನು ಒಂದೇ ಬೆರಳಲ್ಲಿ ಈ ಬರಹವನ್ನು ಒತ್ತುತ್ತಿದ್ದರೆ ಫೋನಿನ ಮೇಲೇ ಕೂರಲು ಬರುತ್ತದೆ. ಟೈಪ್ ಮಾಡಲು ಈಚೆಗಷ್ಟೇ ಕಲಿತವಳು ಎಂದರೆ ಬೆಕ್ಕಿಗೂ ಸದರ.

ಬೆಕ್ಕಿನ ಮೂಲಕ ಮಾತಾಡುವುದು ನಾನು ಕಂಡುಹಿಡಿದದ್ದೇನಲ್ಲ. ಮೈಸೂರಿನಲ್ಲಿ ನಮ್ಮ ಅತ್ತೆಯವರು ಮಾವನವರ ಜೊತೆ ನೇರವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. "ಕಾಫಿ ಆರ್ತಾ ಇದೆ" ಎಂದು ನಡುಮನೆಯ ಕಂಬಕ್ಕೆ ಹೇಳುವರು. "ಬಂದೆ ಅಂತ ಹೇಳು" ಎಂದು ಮಾವನವರು ಪೇಪರಿಗೆ ಹೇಳುವರು. ಹೊಸ ಸೊಸೆ ನಾನು, ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ತೀರಾ ಹತ್ತಿರದವರ ಮುಖ ನೋಡಿ ಹೇಳಲಾಗದ ಮಾತನ್ನು ಎಲ್ಲಾದರೂ ಇಳಿಸಬೇಕಲ್ಲ. ಇಲ್ಲಿನ ಮನೆಗಳಲ್ಲಿ ಕಂಬವಿಲ್ಲ, ಗೋಡೆ ತಟ್ಟಿದರೆ ಟೊಳ್ಳು. ಉಳಿದದ್ದು ಬೆಕ್ಕು.

ಈ ಸಲ ಸ್ಪ್ರಿಂಗ್ ಶುರುವಾಗುವಾಗ, ಲಿಸ್ಬನ್ನಿನಲ್ಲಿ ಒಂದು ವರ್ಷ ಇದ್ದು ಅಲ್ಲಿನ ನಕ್ಷೆಗಳನ್ನು ನೋಡುವ ಅವಕಾಶ ಉಷಾಗೆ ಬಂತು. ಜೀವಮಾನವೆಲ್ಲ ಕಾದಿದ್ದ ಅವಕಾಶ. ನನಗೆ ಹೇಳಲಿಲ್ಲ. ಬೆಕ್ಕಿನ ಕೂದಲು ಬಾಚುತ್ತಾ ಅದಕ್ಕೆ ಹೇಳಿದಳು: "ಆಗಲ್ಲ ಅಂತ ಈಮೇಲ್ ಮಾಡಿಬಿಡ್ತೀನಿ ಕಣೇ. ಅಪ್ಪ, ಮಗಳು ಇಬ್ರೂ ಬೆಳಿಗ್ಗೆ ಆಫೀಸು, ಸ್ಕೂಲು ಅಂತ ಹೊರಟ್ರೆ ಅಜ್ಜಿ ಒಬ್ಬಳೇ ಆಗ್ತಾಳೆ."

ನಾನೂ ಒಗ್ಗರಣೆ ಸೌಟು ಹಿಡಿದು ಬೆಕ್ಕಿಗೇ ಹೇಳಿದೆ: "ನಿಮ್ಮಮ್ಮನ್ನ ಕೇಳೇ, ಅಜ್ಜಿ ಏನು ಗಾಜಿನ ಲೋಟಾನಾ ಅಂತ!"

"ಹೋದ ವಿಂಟರ್‌ನಲ್ಲಿ ಡ್ರೈವ್‌ವೇಲಿ ಜಾರಿ ಬಿದ್ದಿದ್ಯಾರು ಅಂತ ಅಜ್ಜಿನೇ ಕೇಳು ಬಿಸ್ಕಿಟ್."

"ಅವಳು ಬೆಟ್ಟದಂಥ ಸ್ನೋ ಬೂಟು ಹಾಕಿಸಿದ್ದಕ್ಕೇ ಬಿದ್ದೆ ಅಂತ ಹೇಳು!"

ಹೀಗೇ ಕೆಲವು ದಿನ ನಡೆಯಿತು. ಎರಡು ಕಡೆಯ ವಕೀಲಿಕೆ ಮಾಡಿ ಬೇಸತ್ತು ಒಂದು ಸಂಜೆ ಬಿಸ್ಕತ್ತಮ್ಮ ಸೋಫಾದ ಕೆಳಗೆ ಸೇರಿಕೊಂಡಿತು. ಎಷ್ಟು ಕರೆದರೂ ಬರಲಿಲ್ಲ. ಮಾರನೆಯ ದಿನ ಉಷಾ ಲಿಸ್ಬನ್ನಿಗೆ ಉತ್ತರ ಕಳಿಸಬೇಕಿತ್ತು. ನಮ್ಮಿಬ್ಬರ ನಡುವೆ ಯಾರೂ ಉಳಿದಿರಲಿಲ್ಲ.

ಬೇಸ್‌ಮೆಂಟಿಗೆ ಇಳಿದೆ. ಅವಳು ಚಕ್ರ ತಿರುಗಿಸುತ್ತಾ ಬಟ್ಟಲು ಮಾಡುತ್ತಿದ್ದಳು. ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಬೆಕ್ಕಿಲ್ಲದೆ, ಮಗಳ ಮುಖ ನೋಡಿಯೇ ಹೇಳಿದೆ.

"ಉಷಾ, ಬಿದ್ರೆ ಏಳ್ತೀನಿ ಕಣೇ. ನನ್ನಿಂದ ನೀನು ಹೋಗ್ಲಿಲ್ಲ ಅನ್ನೋದನ್ನ ಹೊತ್ಕೊಂಡು ಏಳೋಕೆ ನನ್ನ ಕೈಲಾಗಲ್ಲ. ಹೋಗಿ ಬಾ. ಬೆಕ್ಕನ್ನ ನಾನು ನೋಡ್ಕೋತೀನಿ."

ಚಕ್ರ ನಿಂತಿತು. ಅವಳು ಬೆರಳ ಸಂದಿಯ ಮಣ್ಣು ತೆಗೆದಳು. ಆಮೇಲೆ ತಲೆ ಎತ್ತಿ ಹೇಳಿದಳು:

"ಸರಿ, ಹೋಗ್ತೀನಿ. ಆದ್ರೆ ನೀನು ಬೆಕ್ಕನ್ನ ನೋಡ್ಕೊಳ್ಳೋದಲ್ಲಮ್ಮ. ನಿನ್ನನ್ನ ನೋಡ್ಕೋ ಅಂತ ಅದಕ್ಕೆ ಆಗಲೇ ಹೇಳಿ ಆಗಿದೆ."