ಸಾದಾ ಫೋನಿನ ಸಾಹೇಬರು

ದೆಹಲಿಯ ಕಚೇರಿಯಲ್ಲಿ ನನ್ನ ಸಾಹೇಬರೂ ಕನ್ನಡಿಗರು. ಏನು ಕೊಂಡರೂ ಕನ್ನಡಕ ಮೇಲೆತ್ತಿ, "ಸಾದಾ ಇದ್ದರೇ ಚೆಂದ ಕಣ್ರೀ" ಎನ್ನುವರು. ಹೊಸ ಸ್ಮಾರ್ಟ್‌ಫೋನಿನಲ್ಲೂ ಕಂಪನಿ ಸಿಂಗರಿಸಿದ ಸಾಫ್ಟ್‌ವೇರ್ ಬೇಡವೆಂದು ಸಾದಾ ಇದ್ದದ್ದನ್ನೇ ತಂದರು. ಆ ಕಾಲದ ಸಾದಾ ಫೋನಿನಲ್ಲಿ ಕನ್ನಡದ ಫಾಂಟ್ ಇರದೆ, ಕನ್ನಡ ಅಕ್ಷರಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದವು. ರಜೆ ಸಿಗದ ಸಿಟ್ಟಿಗೆ ನಾನು ಕನ್ನಡದಲ್ಲೇ ಬೈದು ಮೆಸೇಜ್ ಕಳಿಸತೊಡಗಿದೆ. ಏನಿದೆಂದು ಅವರು ಕೇಳಿದರೆ, "ಹಬ್ಬದ ಶುಭಾಶಯ, ಸಾರ್" ಎನ್ನುತ್ತಿದ್ದೆ. "ಅಚ್ಛಾ, ನಿಮಗೂ" ಎಂದು ನಗುತ್ತಿದ್ದರು ಪಾಪ.

ತಂಗಿಯ ಮದುವೆಗೆ ರಜೆ ಕೇಳಲು ಹೋದ ದಿನ ಅವರ ಕೈಯಲ್ಲಿ ಕಂಪನಿ ಸಿಂಗರಿಸಿದ ಬೇರೊಂದು ಫೋನಿತ್ತು. "ಸಿಮ್‌ನಲ್ಲಿದ್ದ ಹಳೇ ಮೆಸೇಜೆಲ್ಲ ಇದರಲ್ಲಿ ಕನ್ನಡದಲ್ಲೇ ಕಾಣುತ್ತೆ" ಎಂದು ಗಟ್ಟಿಯಾಗಿ ಓದಿದರು: "'ಬೋಳುತಲೆ ರಾಕ್ಷಸ.' ಇದು ಯಾವ ಹಬ್ಬದ್ದು ರೀ?"

ಆ ನಾಚಿಕೆ ನನಗೆ ಇಂದಿಗೂ ಇದೆ. ಅವರು ರಜೆಗೆ ಸಹಿ ಹಾಕಿ, "ಊರಿಂದ ಬರುವಾಗ ರಾಕ್ಷಸನಿಗೆ ಒಂದು ಕಿಲೋ ಕಾಫಿಪುಡಿ ತನ್ನಿ" ಎಂದರು.