ಯಾವ ಮನೆಯಾದರೂ ಹೇಳಬೇಕಾದ ಮಾತು

ಅವತ್ತು ನಮ್ಮ ಓಣಿಗೆ ನಲ್ಲಿ ನೀರು ಬಿಡುವ ದಿನ. ಹಾವೇರಿಯಲ್ಲಿ ನೀರು ಬಂದ ಬೆಳಿಗ್ಗೆ ಹೆಂಗಸರಿಗೆ ಬೇರೇನೂ ಕಾಣುವುದಿಲ್ಲ, ಕೇಳುವುದಿಲ್ಲ. ಕೊಡದ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಸೋಸಿ ತುಂಬುವುದು, ನಡುವೆ ಓಡಿಹೋಗಿ ಹಾಲು ಉಕ್ಕಿತೇ ಎಂದು ನೋಡುವುದು, ಯಜಮಾನರ ಡಬ್ಬಿಗೆ ಚಪಾತಿ ಲಟ್ಟಿಸುವುದು. ಆರನೆಯ ಕೊಡ ಎತ್ತಿಕೊಳ್ಳುವಾಗ ಗೇಟಿನಾಚೆ ಭಜನೆ ಕಾಕಾ ನಿಂತಿದ್ದರು. ಚಪ್ಪಲಿಯನ್ನು ರಸ್ತೆಯ ಮೇಲೇ ಬಿಟ್ಟಿದ್ದರು. ಬ್ಯಾಡಗಿಯಿಂದ ಮೊದಲ ಬಸ್ಸಿಗೇ ಹೊರಟಿರಬೇಕು.

ಕಾಕಾ ಹಾರ್ಮೋನಿಯಂ ಹಿಡಿದು ತತ್ವಪದ ಹಾಡುವವರು. ಅರವತ್ತು ದಾಟಿದವರು. ನಾನು ಅವರಿಗೆ ಪಾಠ ಹೇಳುವ ಅಕ್ಕಾರು.

ರಾಣೇಬೆನ್ನೂರಿನ ಒಂದು ಸಂಸ್ಥೆಯವರು ಕಲಾವಿದರಿಗೆ ಉದ್ಯಮ ಕೌಶಲ್ಯ ಕಲಿಸುತ್ತೇವೆಂದು ಪ್ರತಿ ಶನಿವಾರ ತರಗತಿ ಇಟ್ಟಿದ್ದರು. ಗೀಗೀ ಪದದ ಹೆಂಗಸರು, ಡೊಳ್ಳಿನವರು, ಸನಾದಿಯವರು, ಭಜನೆಯವರು ಬರುತ್ತಿದ್ದರು. ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕಾನ್ವೆಂಟಿನಲ್ಲಿ ಓದಿದವಳು, ಮನೆಯಲ್ಲೇ ಇರುವವಳು ಎಂದು ನನ್ನನ್ನು ಕರೆದರು. ಮಕ್ಕಳ ಹೋಂವರ್ಕಿಗಷ್ಟೇ ಬಂದಿದ್ದ ನನ್ನ ಇಂಗ್ಲಿಷಿಗೆ ಇಷ್ಟು ದಿನದ ಮೇಲೆ ಒಂದು ಮರ್ಯಾದೆ ಸಿಕ್ಕಿತೆಂದು ನಾನು ಹಿಗ್ಗಿದ್ದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದೆ.

ಟಿಪ್ಪಣಿಯಲ್ಲಿ ಒಂದು ಸಾಲಿತ್ತು. ಅದನ್ನು ನಾನೇ ಕನ್ನಡಕ್ಕೆ ತಂದೆ. ಕಾರ್ಯಕ್ರಮ ಮುಗಿದ ಮೇಲೆ ಕಾರ್ಡು ಕೊಟ್ಟು, ಕೈ ಮುಗಿದು, "ಮತ್ತೊಮ್ಮೆ ನಿಮ್ಮ ಸೇವೆಗೆ ಅವಕಾಶ ಕೊಡಿ" ಅನ್ನಬೇಕು. ಎಲ್ಲರಿಗೂ ಕಾರ್ಡು ಮಾಡಿಸಿದ್ದೂ ನಾನೇ. ಮೂಲೆಯಲ್ಲಿ ಹೂವಿನ ಬಳ್ಳಿ, ಕೆಳಗೆ "ಎಲ್ಲ ಶುಭ ಸಮಾರಂಭಗಳಿಗೆ ಸಂಪರ್ಕಿಸಿ" ಎಂಬ ಸಾಲು.

ಕಾಕಾ ಹಿಂದಿನ ಸಾಲಿನಿಂದ ಕೈ ಎತ್ತಿದ್ದರು. "ಅಕ್ಕಾರ, ಒಂದೊಂದ್ ಮನ್ಯಾಗ ಹಂಗ ಅನ್ನಾಕ ಬರೂದಿಲ್ರಿ…"

ನಾನು ಅವರ ಮಾತು ಮುಗಿಯಲು ಬಿಡಲಿಲ್ಲ. "ನಾಚಿಕಿ ಬಿಡ್ರಿ ಕಾಕಾ. ಯಾವ ಮನಿ ಇದ್ರೂ ಹೇಳಬೇಕು."

"ಕಾಕಾ ಹೊಸಾ ಮದಿಮಗಳಾಗ್ಯಾನ್ರಿ ಅಕ್ಕಾರ, ಸೆರಗು ಹೊಚ್ರಿ!" ಎಂದಳು ಗೀಗೀ ಪದದವಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರನ್ನು ನಿಲ್ಲಿಸಿ ಆ ಮಾತನ್ನು ಮೂರು ಸಲ ಹೇಳಿಸಿದೆ. ಚಿಕ್ಕವಳಿದ್ದಾಗ ಕಾನ್ವೆಂಟಿನ ಸಿಸ್ಟರ್ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಹೀಗೆಯೇ ಹೇಳಿಸುತ್ತಿದ್ದರು. ಆಗ ಕಿವಿ ಹೇಗೆ ಬಿಸಿಯಾಗುತ್ತದೆಂಬುದು ನನಗೆ ಗೊತ್ತು. ಮೂರನೆಯ ಸಲ ಕಾಕಾ ನೆಲ ನೋಡಿಕೊಂಡು ಹೇಳಿದರು. ಮುಂದಿನ ಸಲ ಯಾರು ಎಷ್ಟು ಕಡೆ ಕಾರ್ಡು ಕೊಟ್ಟಿರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತೇನೆ ಅಂತಲೂ ಹೇಳಿ ಕಳಿಸಿದೆ.

ಎತ್ತಿದ ಕೊಡ ಇಳಿಸಿ ಗೇಟು ತೆಗೆದೆ. ಅವರು ಒಳಗೆ ಬರಲಿಲ್ಲ, ಕಟ್ಟೆಯ ತುದಿಗೆ ಕುಳಿತರು. "ನೀವು ಹೇಳಿದ್ದು ನಾ ಸರೀ ಅನ್ನಲಿಲ್ಲೋ ಏನೋ ರೀ ಅಕ್ಕಾರ," ಎಂದು ಶುರುಮಾಡಿದರು.

ಹತ್ತು ದಿನದ ಹಿಂದೆ ಬ್ಯಾಡಗಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ಮಣ್ಣಿಗೆ ಹೋಗುವತನಕ ಕಾಕಾನ ಮೇಳದ್ದೇ ಭಜನೆ. ಅವರ ಮೇಳದ ಕೆಲಸವೇ ಅದು, ಸತ್ತವರ ಮನೆಯಲ್ಲಿ ಹಾಡುವುದು. ಅವರ ಅಪ್ಪನ ಕಾಲದಿಂದಲೂ ಹಾಗೇ. ಇಷ್ಟು ಶನಿವಾರ ಅವರ ಎದುರಿಗೆ ನಿಂತು ಮಾತಾಡಿದ ನಾನು, ನೀವು ಎಲ್ಲಿ ಹಾಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಣ್ಣು ಮುಗಿದ ಮೇಲೆ ಕಾಕಾ ಹಿರಿಯ ಮಗನ ಕೈಗೆ ಕಾರ್ಡು ಕೊಟ್ಟು, ಮತ್ತೊಮ್ಮೆ ಅವಕಾಶ ಕೊಡ್ರಿ ಅಂದಿದ್ದಾರೆ. ಒಳಗೆ ಆ ಮನೆಯ ಮುದುಕಿ ಹಾಸಿಗೆ ಹಿಡಿದು ಮಲಗಿದ್ದಾಳೆ.

"'ನಮ್ಮವ್ವ ಯಾವಾಗ ಸಾಯ್ತಾಳಂತ ಕಾಯಾಕತ್ತೀಯೇನು' ಅಂದ್ರು ಅವ್ರು, ಅಕ್ಕಾರ. ಬಾಯಾಗ ಬರೂ ಮುಂದ ನನಗೂ ತಡದಂಗಾತು. ಆದರ ಕಲ್ತವ್ರು ಯಾವ ಮನಿ ಇದ್ರೂ ಅಂದಾರ, ಮತ್ತ ನೀವು ಶನಿವಾರ ಕೇಳ್ತೀರಿ…"

ಸಾವಿನ ಮನೆಯಿಂದ ಹೊರಡುವಾಗ "ಹೋಗಿ ಬರ್ತೀನಿ" ಕೂಡ ಅನ್ನಬಾರದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಸುಮ್ಮನೆ ಎದ್ದು ಬರಬೇಕು. ಆಮೇಲೆ ಊರಲ್ಲಿ ಎರಡು ಮನೆಯಲ್ಲಿ ಸಾವಾಗಿತ್ತು, ಕಾಕಾನ ಮೇಳವನ್ನು ಯಾರೂ ಕರೆದಿರಲಿಲ್ಲ. ನಡುವಿನ ಶನಿವಾರ ಅವರು ತರಗತಿಗೂ ಬಂದಿರಲಿಲ್ಲ. ಆ ಹಿರಿಯರ ಹನ್ನೊಂದನೆಯ ದಿನದ ಶಿವಗಣಾರಾಧನೆ, ಪ್ರಸಾದದ ಊಟ ಅವತ್ತೇ ಇತ್ತು. ಆ ಮನೆಯವರು ಒಂದು ಪದ ಹಾಡಲು ಬಿಟ್ಟರೆ ಊರೂ ಮರೆತೀತು ಎಂಬುದು ಅವರ ಆಸೆ. "ನೀವು ಬಂದು ಒಂದ್ ಮಾತು ಹೇಳಿದ್ರ ಕೇಳ್ತಾರ್ರಿ."

ಉಳಿದ ಕೊಡಗಳನ್ನು ಹಾಗೇ ಬಿಟ್ಟು ಹೊರಟೆ. ಬಸ್ಸಿನಲ್ಲಿ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡೆ: ಆ ಮಾತು ಅವರದಲ್ಲ, ನಾನೇ ಕಲಿಸಿದ್ದು, ಅವರು ಬೇಡವೆಂದರೂ ಒತ್ತಾಯ ಮಾಡಿ ಕಲಿಸಿದ್ದು.

ಮನೆ ಮಾರ್ಕೆಟ್ಟಿನ ಹಿಂದೆ. ಗಾಳಿಯಲ್ಲಿದ್ದ ಮೆಣಸಿನಕಾಯಿ ಘಾಟಿಗೆ ನನಗೆ ಕೆಮ್ಮು ಬಂತು. ಅಂಗಳದಲ್ಲಿ ಬೇರೆ ಮೇಳದವರು ಜಮಖಾನೆ ಹಾಸುತ್ತಿದ್ದರು. ಹಿರಿಯ ಮಗ ಕಾಲೇಜಿನಲ್ಲಿ ಕಲಿಸುವವರು. ಹಣೆಯಲ್ಲಿ ವಿಭೂತಿ, ಮೂಗಿನ ಮೇಲೆ ಕನ್ನಡಕ. ನನ್ನನ್ನು ನೋಡಿ ಕುರ್ಚಿ ಹಾಕಿಸಿದರು. ಶನಿವಾರದ ತರಗತಿಯವಳೆಂದು ಪರಿಚಯ ಹೇಳಿಕೊಂಡೆ. ಕಾಕಾ ಹೊಸ್ತಿಲಾಚೆಯೇ ನಿಂತರು, ಕೈಯಲ್ಲಿ ಟೋಪಿ.

"ಇವ್ರಿಗೆ ನೀವು ಕ್ಲಾಸ್ ತಗೋತೀರೇನ್ರಿ ಮೇಡಂ? ಮೊದ್ಲ ಸ್ವಲ್ಪ ಮ್ಯಾನರ್ಸ್ ಕಲಸ್ರಿ. ನಿಮ್ಮಂಥವ್ರು ಇಂಥವ್ರ ನಡುವ ಹೆಂಗ ಇರ್ತೀರೋ!" ಮುಂದಿನ ಮಾತನ್ನು ಇಂಗ್ಲಿಷಿನಲ್ಲೇ ಆಡಿದರು, ನಾನು ಅವರ ಕಡೆಯವಳೆನ್ನುವಂತೆ.

ನನ್ನ ಮಾತು ಗಂಟಲತನಕ ಬಂದಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಾಲ್ಕೈದು ಹೆಂಗಸರು ನನ್ನ ಸೀರೆಯನ್ನೇ ನೋಡುತ್ತಿದ್ದರು. ನಾನು ಅಂದದ್ದು ಇಷ್ಟು: "ದೊಡ್ಡ ಮನಸ್ಸು ಮಾಡ್ರಿ. ಪಾಪ, ಅವ್ರಿಗೆ ತಿಳೀಲಿಲ್ಲ."

ಕಾಕಾ ಕೇಳಿಸಿಕೊಂಡರು. ತಲೆಯನ್ನೂ ಆಡಿಸಿದರು: ಹೌದ್ರಿ, ತಿಳೀಲಿಲ್ಲ.

"ನೀವು ಬಂದೀರಂತ ಬಿಡ್ತೀನಿ. ಪ್ರಸಾದ ಮಾಡಿ ಹೋಗ್ಲಿ. ಭಜನಿ ಬ್ಯಾಡ," ಎಂದರು ಹಿರಿಯ ಮಗ.

ಇನ್ನೂ ಹೇಳಬಹುದಿತ್ತು. ಅಷ್ಟರಲ್ಲಿ ನನ್ನ ಕೈಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ನಾನು ಕುಡಿದೆ. ನನ್ನನ್ನು ಒಳಗೆ ಕೂರಿಸಿ ಹೋಳಿಗೆ ಬಡಿಸಿದರು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಬೇರೆ ಮೇಳದವರು ಪದ ಎತ್ತಿಕೊಂಡಿದ್ದರು. ಕೊನೆಯ ಪಂಕ್ತಿಯಲ್ಲಿ ಕುಳಿತ ಕಾಕಾ ಅನ್ನದ ಮೇಲಿಟ್ಟ ಕೈಯನ್ನು ಎತ್ತಲೇ ಇಲ್ಲ. ಎಡಗೈ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಹಾರ್ಮೋನಿಯಂ ತಿದಿ ಒತ್ತುವಂತೆ ಆಡುತ್ತಿದ್ದವು.

ಊಟ ಮುಗಿಸಿ ನಾನು ಯಾರಿಗೂ ಏನೂ ಹೇಳದೆ ಎದ್ದು ಬಂದೆ. ರೂಢಿ ತಾನಾಗಿ ಪಾಲನೆಯಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ನನಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಕೆಳಗಿಳಿದು ನಿಂತರು. "ನಿಮಗ ಭಾಳ ತ್ರಾಸ ಕೊಟ್ಟೆ ಅಕ್ಕಾರ. ಶನಿವಾರ ನಾ ಬರ್ಲ್ಯೋ, ಬ್ಯಾಡೋ?" ಎಂದು ಕೇಳಿದರು. ಬರ್ರಿ ಅಂದೆ. ಬಸ್ಸಿನ ಸದ್ದಿಗೆ ಅವರಿಗೆ ಕೇಳಿಸಿತೋ ಇಲ್ಲವೋ. ಇನ್ನೊಂದು ಸಲ ಜೋರಾಗಿ ಹೇಳಲಿಲ್ಲ.

ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಅವಳ ತಂಗಿಯನ್ನು ಬ್ಯಾಡಗಿಗೆ ಕೊಟ್ಟಿದ್ದಾರೆ.

"ನಮ್ ತಂಗಿ ಫೋನ್ ಮಾಡಿದ್ಲರಿ ವೈನಿ. ಆಕಿನೂ ಅಲ್ಲೇ ಪ್ರಸಾದಕ್ಕ ಹೋಗಿದ್ಲಂತ. ಯಾವನೋ ತಿಳಿಗೇಡಿ ಭಜನಿಯಾಂವ ಸತ್ತ ಮನ್ಯಾಗ ಏನೋ ಅಂದಿದ್ನಂತಲ್ಲ, ಅವನ ಸಲುವಾಗಿ ನೀವ ಹೋಗಿ ಕೇಳ್ಕೊಂಡ್ರಂತ," ಎಂದು ಬೇರು ಕಿತ್ತು ಆಚೆ ಒಗೆದಳು. "ಭಾಳ ಚಲೋ ಮನಸ್ಸು ಬಿಡ್ರಿ ನಿಮ್ದು."